ಸುಪೆ ಮಡ್ಡಿಯ ಚಿಂಕಾರ: ಮಯೂರೇಶ್ವರ ವನ್ಯಧಾಮ ಹೇಗಿದೆ, ಹೇಗೆ ನೋಡಬೇಕು

ಬೆಳಗ್ಗೆ ಒಂಬತ್ತು ಗಂಟೆಗೆ ತಿಂಡಿ ಮುಗಿಸಿಕೊಂಡು ಹೊರಡುವವರು ಮಯೂರೇಶ್ವರಕ್ಕೆ ಹೋಗಲೇಬೇಡಿ. ಅದೇ ಪೆಟ್ರೋಲಿನಲ್ಲಿ ಜೇಜುರಿಗೆ ಹೋಗಿ ಮೈಲಾರಲಿಂಗನಿಗೆ ಭಂಡಾರ ಹಾರಿಸಿ ಬಂದರೆ ದಿನವಾದರೂ ಸಾರ್ಥಕವಾದೀತು. ಚಿಂಕಾರ ಎಂಬ ಹುಲ್ಲೆಯನ್ನು ನೋಡಿಯೇ ತೀರಬೇಕೆನ್ನುವವರು ಚಳಿಗಾಲದಲ್ಲಿ ನಸುಕಿನ ಐದಕ್ಕೆ ಪುಣೆ ಬಿಡಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ. ಏಳರಿಂದ ಒಂಬತ್ತರವರೆಗಿನ ಎರಡು ಗಂಟೆಯೇ ಇಡೀ ಪ್ರವಾಸದ ಬಂಡವಾಳ. ಆಮೇಲೆ ಕಾಣುವುದು ಒಣ ಹುಲ್ಲು, ಬಿಸಿಲು, ದೂರದಲ್ಲೊಂದು ಓಡುವ ಬಾಲ.

ವನ್ಯಧಾಮ ಇರುವುದು ಪುಣೆ ಜಿಲ್ಲೆಯ ಬಾರಾಮತಿ ತಾಲೂಕಿನ ಸುಪೆ ಊರಿನ ಪಕ್ಕದಲ್ಲಿ. 1997ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 515 ಹೆಕ್ಟೇರ್. ಬಂಡೀಪುರ, ನಾಗರಹೊಳೆಯ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇದು ಊರ ಗೋಮಾಳದಂತೆ ಕಾಣುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮವೇ ಇದಕ್ಕಿಂತ 18 ಪಟ್ಟು ದೊಡ್ಡದು. ಆದರೆ ಈ ಸಣ್ಣತನವೇ ನೋಡುವವರಿಗೆ ಲಾಭ. ಕೆಂಪು ಮೊರಂ ನೆಲ, ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಬಿಳಿಜಾಲಿ, ಇಲ್ಲೊಂದು ಬೋರೆ ಗಿಡ, ಅಲೆಅಲೆಯಾಗಿ ಏಳುವ ದಿಬ್ಬ. ವಿಜಯಪುರದ ಕಡೆಯವರು ಇದನ್ನು ಕಂಡೊಡನೆ 'ಮಡ್ಡಿ' ಎನ್ನುತ್ತಾರೆ, ಮರಾಠಿಯವರು 'ಮಾಳರಾನ್' ಎನ್ನುತ್ತಾರೆ. ಕಡತ ಬರೆಯುವವರು ಮಾತ್ರ ಇಂಥ ನೆಲವನ್ನು ಬಹುಕಾಲ ಬಂಜರು ಎಂದೇ ಬರೆದುಕೊಂಡು ಬಂದರು. ಮರವಿಲ್ಲದ್ದು ಕಾಡಲ್ಲ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಚಿಂಕಾರಕ್ಕೆ ಬೇಕಾದದ್ದು ಈ ಬೋಳು ನೆಲವೇ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಕನ್ನಡದಲ್ಲಿ ನಾವು ಎಲ್ಲವನ್ನೂ ಜಿಂಕೆ ಅಂದುಬಿಡುತ್ತೇವೆ. ಚಿಂಕಾರ ಜಿಂಕೆಯಲ್ಲ, ಹುಲ್ಲೆ. ಚುಕ್ಕೆ ಜಿಂಕೆ, ಕಡವೆಗಳ ಗಂಡಿಗೆ ಕವಲುಗೊಂಬು ಇರುತ್ತದೆ, ಅದು ಉದುರಿ ಮತ್ತೆ ಹುಟ್ಟುತ್ತದೆ. ಹುಲ್ಲೆಯ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬುಂಟು, ಆದರೆ ತೆಳ್ಳಗೆ, ಗಿಡ್ಡಗೆ, ಹೆಚ್ಚುಕಡಿಮೆ ನುಣುಪಾಗಿ. ಗಂಡಿನದು ಬಳೆ ಬಳೆಯಾಗಿ ಗೆರೆ ಬಿದ್ದು ಒಂದಡಿಯ ಹತ್ತಿರ ಬೆಳೆಯುತ್ತದೆ. ಭುಜದ ಎತ್ತರ ಸುಮಾರು 65 ಸೆಂಟಿಮೀಟರ್, ತೂಕ 23 ಕೆಜಿ ಆಸುಪಾಸು. ಚೆನ್ನಾಗಿ ಮೇದ ಒಂದು ಆಡಿನಷ್ಟು ಎಂದಿಟ್ಟುಕೊಳ್ಳಿ. ದೊಡ್ಡ ಹಿಂಡಾಗಿ ಇರುವುದಿಲ್ಲ, ಒಂಟಿಯಾಗಿ ಇಲ್ಲವೇ ಎರಡು, ಮೂರು, ನಾಲ್ಕು ಜೊತೆಯಾಗಿ ಇರುತ್ತವೆ. 'ಹಿಂಡು ಹಿಂಡಾಗಿ ಕಾಣುತ್ತವೆ' ಎಂದು ಪುಣೆಯಿಂದ ಬಸ್ಸು ತುಂಬಿಸುವ ಟೂರಿನವರ ಜಾಹೀರಾತು ನಂಬಿ ಹೋದವರು ನಿರಾಶರಾಗಿ ಬರುವುದಕ್ಕೆ ಕಾರಣ ಪ್ರಾಣಿ ಕಡಿಮೆ ಇರುವುದಲ್ಲ, ಪ್ರಾಣಿಯ ಸ್ವಭಾವ.

ಈ ಜಾಗವನ್ನು ಸಫಾರಿ ಎಂದು ತಿಳಿದು ಹೋಗಬಾರದು. ಬೇಟೆಗಾರನ ಹಾಗೆ ಹೋಗಬೇಕು, ಕೋವಿ ಮಾತ್ರ ಬಿಟ್ಟು. ಅಮೆರಿಕದಲ್ಲಿ ರಾಜ್ಯ ಸರ್ಕಾರಗಳೇ ನಡೆಸುವ ದೊಡ್ಡ ದೊಡ್ಡ ವನ್ಯಜೀವಿ ನಿರ್ವಹಣಾ ಪ್ರದೇಶಗಳಿವೆ. ಲೈಸೆನ್ಸ್ ಪಡೆದು ಋತುವಿನಲ್ಲಿ ಅಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಬಹುದು. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣ ವನ್ಯಜೀವಿ ಕೆಲಸಕ್ಕೆ ಹೋಗಬೇಕೆಂದು 1937ರಲ್ಲೇ ಅಲ್ಲಿ ಕಾನೂನಾಗಿದೆ. ಸಾರ್ವಜನಿಕ ನೆಲವಾದ್ದರಿಂದ ಜನಸಂದಣಿ ಜಾಸ್ತಿ, ಪ್ರಾಣಿಗಳಿಗೆ ಮನುಷ್ಯನ ಭಯವೂ ಜಾಸ್ತಿ. ಹಾಗಾಗಿ ಅಲ್ಲಿನ ಬೇಟೆಗಾರರು ಗಾಳಿ, ಬೆಳಕು, ಕೂರುವ ಜಾಗ, ಸದ್ದು ಇವುಗಳ ಬಗ್ಗೆ ಕಲಿತದ್ದು ಅಪಾರ. ಆ ವಿದ್ಯೆಯಲ್ಲಿ ಗುಂಡು ಹಾರಿಸುವ ಒಂದು ಕ್ಷಣವನ್ನು ತೆಗೆದುಬಿಟ್ಟರೆ ಉಳಿದದ್ದಷ್ಟೂ ಸುಪೆ ಮಡ್ಡಿಗೆ ಹೊಂದುತ್ತದೆ.

ನಮ್ಮಲ್ಲಿ ಕಥೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಂಕಾರವೂ ಇದೆ, ಕೃಷ್ಣಮೃಗವೂ ಇದೆ. ಇವುಗಳ ಬೇಟೆಗೆ ಮೂರರಿಂದ ಏಳು ವರ್ಷ ಜೈಲು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಆ ಕಾಯ್ದೆಯ ಅರ್ಥದಲ್ಲಿ ಕೊಲ್ಲುವುದೊಂದೇ ಬೇಟೆಯಲ್ಲ. ಬಲೆ ಹಾಕುವುದು, ಆಮಿಷ ಒಡ್ಡುವುದು, ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನಪಡುವುದು ಕೂಡ ಬೇಟೆಯೇ. ಓಡುವ ಚಿಂಕಾರದ ಪಕ್ಕದಲ್ಲೇ ಜೀಪು ಬಿಟ್ಟು ವಿಡಿಯೊ ತೆಗೆಯುವವರು ತಾವು ಏನು ಮಾಡುತ್ತಿದ್ದೇವೆಂದು ಒಮ್ಮೆ ಆ ವ್ಯಾಖ್ಯೆಯನ್ನು ಓದಿ ನೋಡಬೇಕು.

ದಾರಿ ಸುಲಭ. ಹಡಪ್ಸರದಿಂದ ಸೋಲಾಪುರ ಹೆದ್ದಾರಿ ಹಿಡಿದು ಲೋಣಿ ಕಾಳಭೋರ್, ಉರುಳಿ ಕಾಂಚನ್, ಯವತ್ ದಾಟಿ ಕೇಡಗಾಂವ್ ಚೌಫುಲಾದಲ್ಲಿ ಬಲಕ್ಕೆ ತಿರುಗಿದರೆ ಸುಪೆ. ಒಟ್ಟು 75 ಕಿಲೋಮೀಟರ್ ಆಸುಪಾಸು. ನಸುಕಿನಲ್ಲಿ ಹಡಪ್ಸರ ಖಾಲಿ ಇರುವುದರಿಂದ ಎರಡು ಗಂಟೆಯೊಳಗೆ ಮುಟ್ಟಬಹುದು. ಕಬ್ಬಿನ ಹಂಗಾಮಿನಲ್ಲಿ ಮುಂದೆ ಹೋಗುತ್ತಿರುವ ಟ್ರಾಲಿಗಳಿಗೆ ಹಿಂದಿನ ದೀಪ ಇರುವುದಿಲ್ಲ ಎಂದು ಮೊದಲೇ ಎಣಿಸಿಕೊಂಡು ಓಡಿಸಿ. ಮುಂಬೈಯಿಂದ ಒಂದೇ ದಿನದಲ್ಲಿ ಹೋಗಿಬರುವ ಲೆಕ್ಕ ಹಾಕುವವರು ಆ ಎರಡು ಗಂಟೆಯನ್ನು ಎಕ್ಸ್‌ಪ್ರೆಸ್‌ವೇ ಮೇಲೆಯೇ ಕಳೆದುಕೊಳ್ಳುತ್ತಾರೆ, ಹಿಂದಿನ ರಾತ್ರಿಯೇ ಪುಣೆಯಲ್ಲಿ ಉಳಿದುಕೊಳ್ಳುವುದು ಒಳ್ಳೆಯದು. ತಿಂಡಿ ಕಟ್ಟಿಕೊಳ್ಳಿ, ತಲೆಗೆ ಎರಡು ಲೀಟರ್ ನೀರು ಇರಲಿ, ಟಿಕೆಟ್ಟಿಗೆ ಚಿಲ್ಲರೆ ನಗದು ಇರಲಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಹಿಂದಿನ ಸಂಜೆಯೇ ನೋಡಿಕೊಳ್ಳಿ, ಜಾಲಿ ಮುಳ್ಳಿಗೆ ಹೊಸ ಟೈರು ಹಳೆಯ ಟೈರು ಎಂಬ ಭೇದವಿಲ್ಲ. ಗೇಟಿನಲ್ಲಿ ಕೆಲಸ ಮಾಡುವವರ ಹತ್ತಿರ ಎರಡು ಮಾತು ಮರಾಠಿಯಲ್ಲಿ ಆಡಿ: 'ದಾದಾ, ಆಜ್ ಹರಣಂ ಕುಠೇ ದಿಸಲೀ?' (ಅಣ್ಣಾ, ಇವತ್ತು ಹುಲ್ಲೆಗಳು ಎಲ್ಲಿ ಕಂಡವು?) ನಿನ್ನೆ ಸಂಜೆ ಯಾವ ದಿಬ್ಬದ ಮಗ್ಗುಲಲ್ಲಿ ಮೇಯುತ್ತಿದ್ದವು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿರುವುದಿಲ್ಲ.

ಈಗ ಗಾಳಿ, ಬೆಳಕಿನ ವಿಷಯ. ಬಂದವರಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ. ಫೋಟೊ ತೆಗೆಯುವವರಿಗೆ ಸೂರ್ಯ ಬೆನ್ನಿಗಿರಬೇಕು, ಹಾಗಾಗಿ ಬೆಳಗ್ಗೆ ಪ್ರಾಣಿಯ ಪೂರ್ವಕ್ಕೆ ನಿಂತು ಪಶ್ಚಿಮಕ್ಕೆ ಮುಖ ಮಾಡುತ್ತಾರೆ. ಆದರೆ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಗಾಳಿ ಬೀಸುವುದೂ ಹೆಚ್ಚಾಗಿ ಪೂರ್ವದಿಂದಲೇ. ಒಳ್ಳೆಯ ಬೆಳಕಿನ ಜೊತೆಗೇ ನಿಮ್ಮ ಮೈವಾಸನೆ, ಸೋಪು, ಸಿಗರೇಟು ಎಲ್ಲವೂ ನೇರ ಪ್ರಾಣಿಯ ಮೂಗಿಗೆ ಹೋಗುತ್ತವೆ. ಕಣ್ಣಿಗೆ ಬೀಳುವ ಮೊದಲೇ ಅದು ದಿಬ್ಬದ ಆಚೆ ಇಳಿದಿರುತ್ತದೆ. ಇದಕ್ಕೆ ಮದ್ದು ಎರಡನ್ನೂ ಅರ್ಧರ್ಧ ಬಿಟ್ಟುಕೊಡುವುದು: ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ, ಗಾಳಿ ಕೆನ್ನೆಯಿಂದ ಕೆನ್ನೆಗೆ ಹಾಯುವ ಹಾಗೆ ನಿಲ್ಲುವುದು. ಬೆಳಕು ಪಕ್ಕದಿಂದ ಬೀಳುತ್ತದೆ, ಕೊಂಬಿನ ಬಳೆಗಳು ಇನ್ನೂ ಚೆನ್ನಾಗಿ ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ. ಆಗ ಬೆಳಗಿನ ಹೊತ್ತು ಬಿಸಿಲೂ ಗಾಳಿಯೂ ಎರಡೂ ನಿಮ್ಮ ಕಡೆಗೇ, ಮೋಡ ಸರಿದರೆ. ಗಾಳಿ ನೋಡಲು ಬೆರಳು ಒದ್ದೆ ಮಾಡುವುದಕ್ಕಿಂತ ವಾಸನೆಯಿಲ್ಲದ ಪುಡಿಯನ್ನು, ಅಂದರೆ ಅಕ್ಕಿಹಿಟ್ಟನ್ನು, ಹಳೆಯ ಕಣ್ಣಿನ ಔಷಧಿ ಸೀಸೆಗೆ ತುಂಬಿ ಒತ್ತಿ ನೋಡುವುದು ಸರಿ. ಹೂವಿನ ಪರಿಮಳದ ಟಾಲ್ಕಂ ಪೌಡರ್ ಒತ್ತಿ ಗಾಳಿ ಪರೀಕ್ಷಿಸುವವರೂ ಇದ್ದಾರೆ, ಅದು ನಾವು ಬಂದಿದ್ದೇವೆ ಎಂದು ಡಂಗುರ ಸಾರಿದ ಹಾಗೆ.

ಬಟ್ಟೆಯ ಬಗ್ಗೆ ಒಂದು ವಿಚಿತ್ರ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದೂಕಿನ ಋತುವಿನಲ್ಲಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಡಲೇಬೇಕು, ಒಬ್ಬರನ್ನೊಬ್ಬರು ಹೊಡೆಯದಿರಲೆಂದು. ಜಿಂಕೆಗಳಿಗೆ ಕೆಂಪು, ಕಿತ್ತಳೆ ನಮ್ಮಷ್ಟು ಬೇರೆಯಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಗೊರಸಿನ ಪ್ರಾಣಿಗಳ ಕಣ್ಣು ಹೆಚ್ಚುಕಡಿಮೆ ಇದೇ ಬಗೆಯದು. ಅಂದರೆ ಮಡ್ಡಿಯಲ್ಲಿ ಕೇಸರಿ ರುಮಾಲಿಗಿಂತ ನೀಲಿ ಜೀನ್ಸೇ ಹೆಚ್ಚು ದ್ರೋಹಿ. ಬಿಳಿ ಅಂಗಿಯೂ ಬೇಡ. ಬಟ್ಟೆಗೆ ಹೊಳಪು ಕೊಡುವ ವಾಷಿಂಗ್ ಪೌಡರ್ ಹಾಕಿದ ಖಾಕಿಯೂ ಅವುಗಳ ಕಣ್ಣಿಗೆ ನೀಲಿಯಾಗಿ ಮಿನುಗುತ್ತದೆ. ಅವಕ್ಕಿಂತ ದೊಡ್ಡ ತಪ್ಪು ದಿಬ್ಬದ ನೆತ್ತಿಯ ಮೇಲೆ ನಿಲ್ಲುವುದು. ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯ ಯಾವ ಬಣ್ಣ ಉಟ್ಟರೇನು.

ಪ್ರಾಣಿಗಳು ಕಾರಿಗೆ ಹೆದರುವುದು ಕಡಿಮೆ, ಇಳಿದ ಮನುಷ್ಯನಿಗೆ ಹೆಚ್ಚು. ಕಾರೇ ಅಡಗುತಾಣ. ಮಣ್ಣಿನ ದಾರಿ ಬಿಟ್ಟು ಚಕ್ರ ಇಳಿಸಬಾರದು. ಹುಲ್ಲಿನಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ, ಟಿಟ್ಟಿಭ, ಗೌಜಲಹಕ್ಕಿ ಇತ್ಯಾದಿ. ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗಿ, ಪ್ರಾಣಿ ಕಂಡರೆ ಅದರ ಕಡೆಗೆ ನೇರ ಹೋಗದೆ ಓರೆಯಾಗಿ ಹೋಗಿ 120–150 ಮೀಟರ್ ದೂರದಲ್ಲೇ ನಿಲ್ಲಿಸಿ. ಎಂಜಿನ್ ಆರಿಸಿ, ಬಾಗಿಲು ತೆರೆಯಬೇಡಿ, ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಅದರ ಬಾಲದ ಮೇಲೆ ಕಣ್ಣಿಡಿ. ಕಪ್ಪು ಬಾಲ ಪಟಪಟ ಆಡುತ್ತಾ ಮೇಯುತ್ತಿದ್ದರೆ ಎಲ್ಲ ಸರಿ ಇದೆ. ತಲೆಯೆತ್ತಿ ನಿಂತಿತೆಂದರೆ ನೀವು ಗುರುತಾದಿರಿ. ಮುಂಗಾಲು ನೆಲಕ್ಕೆ ಬಡಿದು ಮೂಗಿನಿಂದ ಸೀನಿದಂಥ ಸದ್ದು ಮಾಡಿತೆಂದರೆ ಮುಂದಿನದು ಓಟ. ಮುಂಗಾಲು ಬಡಿದಾಗ ಮುಂದೆ ಹೋಗಬಾರದು, ಹಿಂದೆಯೂ ಸರಿಯಬಾರದು, ಇದ್ದ ಹಾಗೆ ಇರಬೇಕು. ಎಷ್ಟೋ ಸಲ ಅದು ಮತ್ತೆ ತಲೆ ತಗ್ಗಿಸುತ್ತದೆ. ಆಗ ಕಾರಿನೊಳಗೆ ಯಾರೋ 'ಅಯ್ಯೋ ನೋಡೋ, ನೋಡೋ' ಎನ್ನುತ್ತಾರೆ, ಅಷ್ಟಕ್ಕೇ ಕೆಲಸ ಕೆಡುತ್ತದೆ. ಮಕ್ಕಳಿಗಿಂತ ದೊಡ್ಡವರೇ ಇದನ್ನು ಹೆಚ್ಚು ಮಾಡುವುದು.

ಹುಡುಕುವ ಕ್ರಮವೂ ಕಲಿಯಬೇಕಾದದ್ದೇ. ಇಡೀ ಚಿಂಕಾರವನ್ನು ಹುಡುಕಿದರೆ ಸಿಗುವುದಿಲ್ಲ, ಅದರ ತುಂಡುಗಳನ್ನು ಹುಡುಕಬೇಕು. ಲಂಬವಾದ ಹುಲ್ಲು, ಗಿಡಗಳ ನಡುವೆ ಒಂದು ಅಡ್ಡ ಗೆರೆ ಕಂಡರೆ ಅದು ಬೆನ್ನು ಇರಬಹುದು. ಬೋರೆ ಗಿಡದ ನೆರಳಿನಲ್ಲಿ ಕಿವಿ ಅಲುಗಿತೇ, ಕೆನ್ನೆಯ ಕಡುಗಂದು ಪಟ್ಟೆ ಕಂಡಿತೇ, ಬಿಳಿ ಹೊಟ್ಟೆ ಮಿಂಚಿತೇ? ಮೊದಲು ಹತ್ತಿರದ ಪಟ್ಟಿ, ಆಮೇಲೆ ನಡುವಿನದು, ಕೊನೆಗೆ ದೂರದ್ದು. ಕನ್ನಡ ಓದಿ ಓದಿ ನಮ್ಮ ಕಣ್ಣಿಗೆ ಎಡದಿಂದ ಬಲಕ್ಕೆ ಜಾರುವ ಅಭ್ಯಾಸ ಆಗಿರುತ್ತದೆ, ಆದ್ದರಿಂದ ಬೈನಾಕ್ಯುಲರನ್ನು ಬಲದಿಂದ ಎಡಕ್ಕೆ ತಿರುಗಿಸಿ ನೋಡಿ. ಕಣ್ಣು ತಡವರಿಸುತ್ತದೆ, ತಡವರಿಸಿದಲ್ಲಿ ಕಾಣುತ್ತದೆ. ಹೆಜ್ಜೆ ಗುರುತು ದಾರಿಯ ಧೂಳಿನಲ್ಲೇ ಸಿಗುತ್ತದೆ. ಕುರಿಯದು ಮೊಂಡು, ಚಿಂಕಾರದ್ದು ಮುಂದಕ್ಕೆ ಚೂಪು. ಹಿಕ್ಕೆ ಒಂದೇ ಜಾಗದಲ್ಲಿ ಹಳೆಯದು ಹೊಸದು ಸೇರಿ ಗುಡ್ಡೆ ಬಿದ್ದಿದ್ದರೆ ಅದು ಗಂಡಿನ ಗಡಿಗಲ್ಲು, ಅಲ್ಲಿ ಕಾದರೆ ವ್ಯರ್ಥವಾಗುವುದಿಲ್ಲ.

ಬೈನಾಕ್ಯುಲರ್ ಯಾವುದು ಎಂದು ಕೇಳುವವರಿಗೆ: 8x42, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಲೆನ್ಸು 42 ಮಿಲಿಮೀಟರ್ ಅಗಲವಿರುವಂಥದ್ದು. 10x ಕೈ ನಡುಕವನ್ನೂ ದೊಡ್ಡದು ಮಾಡುತ್ತದೆ, ನಸುಕಿನ ಚಳಿಯಲ್ಲಿ ಅದು ಗೊತ್ತಾಗುತ್ತದೆ. 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್, ಅಷ್ಟು ಅಗಲದ ಬೆಳಕಿನ ಕಂಬ ಕಣ್ಣಿಗೆ ಬರುತ್ತದೆ. ಜೇಬಿನಲ್ಲಿ ಹಿಡಿಯುವ 8x21ರಲ್ಲಿ ಬರುವುದು 2.6 ಮಾತ್ರ, ಮುಂಜಾವಿನ ಮಬ್ಬಿನಲ್ಲಿ ಅದು ಆಟದ ಸಾಮಾನು. ಅಗ್ಗದಲ್ಲಿ ನಿಕಾನ್ ಅಕ್ಯುಲಾನ್ 8x42 ಚಿತ್ರ ಚೆನ್ನಾಗಿ, ಅಗಲವಾಗಿ ಕೊಡುತ್ತದೆ. ಆದರೆ 755 ಗ್ರಾಂ ಭಾರ, ನೀರು ತಾಳುವುದಿಲ್ಲ, ಕಣ್ಣಿಗೂ ಹಿಂದಿನ ಲೆನ್ಸಿಗೂ ನಡುವೆ ಬಿಡಬಹುದಾದ ಅಂತರ (ಐ ರಿಲೀಫ್) 12 ಮಿಲಿಮೀಟರ್ ಮಾತ್ರ ಇರುವುದರಿಂದ ಕನ್ನಡಕ ಹಾಕಿದವರಿಗೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ. ಕನ್ನಡಕದವರು ಅದೇ ಕಂಪನಿಯ ಪ್ರೊಸ್ಟಾಫ್ ಪಿ3 ನೋಡಲಿ. ಹಗುರ, ನೀರು ತಾಳುತ್ತದೆ, 7.2 ಡಿಗ್ರಿ ಅಗಲ ಕಾಣುತ್ತದೆ. 100 ಮೀಟರ್ ದೂರದಲ್ಲಿ ಅದು ಹನ್ನೆರಡೂವರೆ ಮೀಟರ್ ಅಗಲದ ಕಿಟಕಿ, ಓಡುವ ಪ್ರಾಣಿಯನ್ನು ಹಿಡಿದಿಡಲು ಸಾಕು.

ಕ್ಯಾಮೆರಾದವರಿಗೆ ಲೆಕ್ಕವೊಂದು. 65 ಸೆಂಟಿಮೀಟರ್ ಎತ್ತರದ ಪ್ರಾಣಿ 100 ಮೀಟರ್ ದೂರದಲ್ಲಿದ್ದರೆ 400 ಎಂಎಂ ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಅದರ ಎತ್ತರ 2.6 ಮಿಲಿಮೀಟರ್. ಫುಲ್ ಫ್ರೇಮಿನಲ್ಲಿ ಚಿತ್ರದ ಎತ್ತರದ ಒಂಬತ್ತರಲ್ಲಿ ಒಂದು ಪಾಲು, ಕ್ರಾಪ್ ಸೆನ್ಸರಿನಲ್ಲಿ ಆರರಲ್ಲಿ ಒಂದು ಪಾಲು. 600 ಎಂಎಂ ಇದ್ದರೆ ಕ್ರಾಪ್ ಸೆನ್ಸರಿನಲ್ಲಿ ಕಾಲು ಪಾಲು ತುಂಬುತ್ತದೆ. ಅದಕ್ಕಿಂತ ಕಡಿಮೆ ಲೆನ್ಸ್ ಇದ್ದವರು ಪ್ರಾಣಿಯ ಹತ್ತಿರ ಹೋಗಲು ಒದ್ದಾಡದೆ, ಮಡ್ಡಿಯ ವಿಸ್ತಾರದಲ್ಲಿ ಸಣ್ಣದಾಗಿ ನಿಂತ ಚಿಂಕಾರವನ್ನು ತೆಗೆಯಲಿ. ನಿಜ ಹೇಳಬೇಕೆಂದರೆ ಅಂಥ ಚಿತ್ರಗಳೇ ಈ ನೆಲದ ಗುಣವನ್ನು ಹೇಳುವುದು. ಟ್ರೈಪಾಡ್ ಕಾರಿನಲ್ಲಿ ಉಪಯೋಗಕ್ಕೆ ಬಾರದು. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಎರಡು ಕಡೆ ಹೊಲಿದು ಎರಡು ಕೆಜಿ ಅಕ್ಕಿ ತುಂಬಿ ಕಿಟಕಿಯ ಮೇಲಿಡಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಬಿಗಿಯಾಗಿ ತುಂಬಿದರೆ ಲೆನ್ಸ್ ಉರುಳುತ್ತದೆ. ನಿಂತ ಪ್ರಾಣಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ಓಡುವುದಕ್ಕೆ 1/1600ರ ಮೇಲೆ ಇಡಿ. ಒಂಬತ್ತೂವರೆಯ ಮೇಲೆ ತೆಗೆದ ಚಿತ್ರಗಳು ಮಸುಕಾಗಿ ಬಂದರೆ ಲೆನ್ಸನ್ನು ಸರ್ವೀಸಿಗೆ ಕೊಡಬೇಡಿ, ಕಾದ ನೆಲದಿಂದ ಏಳುವ ಝಳದ ಕೆಲಸ ಅದು. ಎಷ್ಟು ದುಬಾರಿ ಲೆನ್ಸಾದರೂ ನಡುವಿನ ಗಾಳಿಯೇ ಕುದಿಯುತ್ತಿದ್ದರೆ ಏನೂ ಮಾಡಲಾಗದು.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹುಲ್ಲಿನ ಊಬು ಒಂದು ಕಾಟ. ಮರಾಠಿಯಲ್ಲಿ 'ಕುಸಳ್' ಅನ್ನುವ ಈ ಊಬು ಒದ್ದೆಯಾದಾಗ ಸುರುಳಿ ಬಿಚ್ಚಿ ತಿರುಗುತ್ತಾ ಬಟ್ಟೆಯೊಳಗೆ ತಾನೇ ಕೊರೆದುಕೊಂಡು ಹೋಗುತ್ತದೆ. ಬೀಜವನ್ನು ನೆಲದಲ್ಲಿ ನೆಡಲು ಪ್ರಕೃತಿ ಮಾಡಿಕೊಂಡ ಏರ್ಪಾಡು, ಸಾಕ್ಸಿಗೆ ಮಾತ್ರ ಶಾಪ. ವೀಕ್ಷಣಾ ಗೋಪುರದವರೆಗೆ ನಾಲ್ಕು ಹೆಜ್ಜೆ ಇಟ್ಟರೂ ಸಾಕು, ಬಲೆಬಲೆಯಾದ ಓಟದ ಶೂ ಕೆಟ್ಟಿತೆಂದೇ ಲೆಕ್ಕ. ಚರ್ಮದ ಶೂ, ಕಣಕಾಲು ಮುಚ್ಚುವ ದಪ್ಪ ಬಟ್ಟೆಯ ಪಟ್ಟಿ ಇರಲಿ. ಬೇಸಿಗೆಯಲ್ಲಿ ಹುಲ್ಲು ಕುಳ್ಳಾಗಿ ಪ್ರಾಣಿ ಸುಲಭವಾಗಿ ಕಾಣುತ್ತದೆ, ಆದರೆ ನೀರಿನ ಗುಂಡಿಯ ಹತ್ತಿರವೇ ಕಾದು ಕೂತರೆ ಚಿಂಕಾರ ಬಂದೀತೆಂಬ ನೆಚ್ಚಿಕೆ ಬೇಡ. ಇಬ್ಬನಿ, ಎಲೆ, ಕಾಯಿಗಳ ತೇವದಲ್ಲೇ ಅದು ಬಹುದಿನ ಕಳೆಯಬಲ್ಲದು. ಗುಂಡಿಗೆ ಬರುವುದು ಹೆಚ್ಚಾಗಿ ಹಕ್ಕಿಗಳು, ಅದೂ ಒಳ್ಳೆಯ ನೋಟವೇ. ಚಳಿಗಾಲದಲ್ಲಿ ಹುಲ್ಲಿನ ಮೇಲೆ ತೇಲುವ ವಲಸೆ ಗಿಡುಗಗಳು ಬೋನಸ್. ಅದೃಷ್ಟವಿದ್ದರೆ ಗುಳ್ಳೆನರಿ.

ಬೇರೆ ಜಾಗಗಳಿಗೆ ಹೋಲಿಸಿ ನೋಡಿದರೆ: ಅಹಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಕರ್ಜತ್ ತಾಲೂಕಿನ ರೇಹೆಕುರಿ ಇನ್ನೂ ಸಣ್ಣದು, ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, 1980ರದ್ದು. ಅಲ್ಲಿರುವುದು ಕೃಷ್ಣಮೃಗ, ಹಿಂಡಿನಲ್ಲಿರುವ ಪ್ರಾಣಿ. ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಹೋಗುವವರಿಗೆ ಅದೇ ವಾಸಿ, ಬರಿಗಣ್ಣಿಗೂ ಕರಿಯ ಗಂಡು, ತಿರುಚಿದ ಕೊಂಬು ಕಾಣುತ್ತದೆ. ತೋಳದ ಆಸೆ ಇರುವವರಿಗೆ ಇಂದಾಪುರ ತಾಲೂಕಿನ ಕಡಬನವಾಡಿಯ ಹುಲ್ಲುಗಾವಲು ಇದೆ, ಅರಣ್ಯ ಇಲಾಖೆಯೇ ಅಲ್ಲಿ ಸಫಾರಿ ನಡೆಸುತ್ತದೆ. ಮಯೂರೇಶ್ವರಕ್ಕೆ ನಮ್ಮ ಅಂಕ: ವಾರದ ದಿನ, ಸೂರ್ಯೋದಯಕ್ಕೆ, ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಐದಕ್ಕೆ ನಾಲ್ಕು. ಭಾನುವಾರ ಹತ್ತು ಗಂಟೆಗೆ ಐದಕ್ಕೆ ಒಂದೂವರೆ, ಆ ಅರ್ಧ ಅಂಕವೂ ಹಕ್ಕಿಗಳಿಗೆ. ಬೇಲಿಯ ಹೊರಗೆ ಜೋಳದ ಹೊಲದಂಚಿನಲ್ಲಿ ಕಂಡ ಚಿಂಕಾರದ ಜಾಗವನ್ನು ಮ್ಯಾಪಿನ ಗುರುತಿನ ಸಮೇತ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಬೇಲಿಯೊಳಗೆ ಕಾವಲುಗಾರರಿದ್ದಾರೆ, ಹೊಲದಲ್ಲಿ ಬೀದಿನಾಯಿಗಳಿವೆ.

ವಾಪಸ್ ಬರುವಾಗ ಅದೇ ಹೆದ್ದಾರಿ ಬೇಡವೆನಿಸಿದರೆ ಸುಪೆಯಿಂದ ಮೋರಗಾಂವ್, ಜೇಜುರಿ, ಸಾಸವಡ ದಾರಿ ಹಿಡಿಯಿರಿ. ವನ್ಯಧಾಮಕ್ಕೆ ಹೆಸರು ಕೊಟ್ಟ ಮಯೂರೇಶ್ವರ ಗಣಪತಿ ಇರುವುದು ಮೋರಗಾಂವಿನಲ್ಲೇ, ಅಷ್ಟವಿನಾಯಕರಲ್ಲಿ ಒಬ್ಬ. ಭಾದ್ರಪದ, ಮಾಘದ ಚತುರ್ಥಿಗೆ ಮೋರಗಾಂವಿನ ರಸ್ತೆ, ಸೋಮವತಿ ಅಮಾವಾಸ್ಯೆಗೆ ಜೇಜುರಿಯ ರಸ್ತೆ ತುಂಬಿ ನಿಂತಿರುತ್ತದೆ. ಪಂಚಾಂಗ ನೋಡಿಕೊಂಡು, ಆ ದಿನಗಳಲ್ಲಿ ಚೌಫುಲಾದ ಮೇಲೆಯೇ ಹಿಂದಿರುಗಿ.